ಸಿಸೇರಿಯನ್ ಆದ ಮೊದಲ ರಾತ್ರಿ

ಸಿಸೇರಿಯನ್ ಆಪರೇಷನ್ನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಎದೆಯಿಂದ ಕೆಳಗೆ ಜೋಮು ಹಿಡಿಯುತ್ತದೆ. ತಾಯಿಗೆ ಎಚ್ಚರ ಇರುತ್ತದೆ, ಮಗು ಅತ್ತಿದ್ದು ಕೇಳಿಸುತ್ತದೆ. ಕೊಯ್ದ ನೋವು ಮಾತ್ರ ಗೊತ್ತಾಗುವುದಿಲ್ಲ. ಎರಡು-ಮೂರು ಗಂಟೆಯಲ್ಲಿ ಜೋಮು ಇಳಿಯುತ್ತದೆ. ಕಾಲಾಡಿಸಲು ಬಂತು ಅನ್ನುವಷ್ಟರಲ್ಲಿ ಹೊಲಿಗೆಯ ನೋವೂ ಶುರು. ಕೆಮ್ಮಿದರೆ ನೋವು, ನಕ್ಕರೆ ನೋವು. ಮಗುವಿಗೆ ಹಾಲು ಕುಡಿಸುವಾಗ ಗರ್ಭಕೋಶ ಹಿಂಡಿಕೊಳ್ಳುವುದು ಬೇರೆ.

"ಹೆತ್ತ ಮೇಲೆ ಇಷ್ಟೂ ನೋವಿರಲ್ವಾ? ತಡ್ಕೋಬೇಕು" ಎಂದು ಮನೆಯ ಹಿರಿಯರು ಹೇಳುವುದುಂಟು. ನನಗೆ ಈ ಮಾತು ಒಪ್ಪಿಗೆಯಿಲ್ಲ. ನೋವಿಗೆ ಹೆದರಿ ಬಾಣಂತಿ ಅಲ್ಲಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಇದು ಯಾರೋ ಒಬ್ಬಿಬ್ಬರ ಕಥೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕಿಂತ ಹೆಚ್ಚು ಹೆರಿಗೆಗಳು ಸಿಸೇರಿಯನ್.

ಆ ರಾತ್ರಿಗೆ ಒಳ್ಳೆಯ ಉಪಾಯವೊಂದಿದೆ. ಜೋಮು ಹಿಡಿಸುವ ಔಷಧಿಯ ಜೊತೆಗೇ, ಅದೇ ಸೂಜಿಯಲ್ಲಿ, ಅಫೀಮಿನಿಂದ ತೆಗೆಯುವ ನೋವಿನ ಔಷಧಿ ಮಾರ್ಫಿನ್ ಅನ್ನು ಚೂರೇ ಚೂರು ಸೇರಿಸುವುದು. ಎಷ್ಟು ಚೂರು ಅಂದರೆ, ಸುಮಾರು 0.1 ಮಿಲಿಗ್ರಾಂ. ರಕ್ತನಾಳಕ್ಕೆ ಕೊಡುವುದಾದರೆ ಹಲವು ಮಿಲಿಗ್ರಾಂ ಬೇಕು, ಅದೂ ಕೆಲವೇ ಗಂಟೆಗೆ ಇಳಿದುಹೋಗುತ್ತದೆ. ಬೆನ್ನಿಗೆ ಕೊಟ್ಟ ಈ ಚೂರು ಮಾತ್ರ ಹೆಚ್ಚುಕಡಿಮೆ ಮರುದಿನದವರೆಗೂ ನೋವನ್ನು ತಗ್ಗಿಸುತ್ತದೆ.

ಹೇಗೆ? ಹೊಲಿಗೆಯ ನೋವಿನ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯ ಹಿಂಭಾಗದಲ್ಲಿ ಒಂದು ನರದಿಂದ ಇನ್ನೊಂದು ನರಕ್ಕೆ ದಾಟಬೇಕು. ಮಾರ್ಫಿನ್ ಹೋಗಿ ಕೂರುವ ಗ್ರಾಹಕಗಳು ಈ ದಾಟುವ ಜಾಗದಲ್ಲೇ ದಟ್ಟವಾಗಿವೆ. ಅಲ್ಲಿ ಅದು ಕೂತರೆ ಸುದ್ದಿ ಕ್ಷೀಣಿಸುತ್ತದೆ. ಕಾಲಿನ ಬಲ ಹಾಗೇ ಇರುತ್ತದೆ, ಮುಟ್ಟಿದ್ದೂ ತಿಳಿಯುತ್ತದೆ. ಇದನ್ನು ವಿಜ್ಞಾನಿಗಳಾದ ಟೋನಿ ಯಾಕ್ಶ್ ಮತ್ತು ಥಾಮಸ್ ರೂಡಿ 1976ರಲ್ಲಿ ಇಲಿಗಳಲ್ಲಿ ತೋರಿಸಿದರು. 1979ರಲ್ಲಿ ಅಮೆರಿಕದ ವೈದ್ಯರು ಕ್ಯಾನ್ಸರ್ ನೋವಿನಿಂದ ನರಳುತ್ತಿದ್ದವರ ಬೆನ್ನಿಗೆ ಕೊಟ್ಟು ನೋಡಿದರು, ಫಲ ಸಿಕ್ಕಿತು. ರಕ್ತಕ್ಕೆ ಕೊಡುವ ಮಾರ್ಫಿನ್ ಅಂದರೆ ಒಂದು ಗಿಡ ಬಾಡಿತೆಂದು ಇಡೀ ತೋಟಕ್ಕೆ ನೀರು ಬಿಟ್ಟ ಹಾಗೆ.

ಆಪರೇಷನ್ ಥಿಯೇಟರಿನಲ್ಲಿ ಇದು ಸುಲಭದ ಕೆಲಸವಲ್ಲ. ಒಂದು ಆಂಪೂಲಿನಲ್ಲಿ, ಅಂದರೆ ಔಷಧಿಯ ಪುಟ್ಟ ಗಾಜಿನ ಸೀಸೆಯಲ್ಲಿ, ಸಾಮಾನ್ಯವಾಗಿ 10 ಇಲ್ಲವೇ 15 ಮಿಲಿಗ್ರಾಂ ಮಾರ್ಫಿನ್ ಇರುತ್ತದೆ. ಬೇಕಾಗಿರುವುದು ಅದರ ನೂರನೇ ಒಂದು ಪಾಲು, ಅಥವಾ ಇನ್ನೂ ಕಡಿಮೆ. ಸಲೈನ್ ಬೆರೆಸಿ ತೆಳುಮಾಡಿ, ಸಣ್ಣ ಸಿರಿಂಜಿನಲ್ಲಿ ಗೀಟು ನೋಡಿ ಎಳೆಯಬೇಕು. ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೆ ಡೋಸ್ ಹತ್ತು ಪಟ್ಟು! ಅದಕ್ಕೇ ಇಬ್ಬರು ಓದಿ ನೋಡಿಯೇ ಕೊಡುವುದು ಒಳ್ಳೆಯದು. ಔಷಧಿಯೂ ಕೆಡದಂತೆ ಇಡುವ ರಾಸಾಯನಿಕ ಬೆರೆಸದ್ದೇ ಆಗಬೇಕು. ಹೆರಿಗೆ ನೋವಿಗೆ ಮೊದಲೇ ಎಪಿಡ್ಯೂರಲ್ ಟ್ಯೂಬ್ (ಬೆನ್ನುಹುರಿಯ ಹೊರಪೊರೆಯ ಆಚೆ ಇಡುವ ಸಣ್ಣ ನಳಿಕೆ) ಹಾಕಿದ್ದರೆ ಅದರಲ್ಲೇ ಕೊಡಬಹುದು. ಆಗ ಮಾರ್ಫಿನ್ ಬೆನ್ನುಹುರಿಯ ಹೊರಪೊರೆ ದಾಟಿ ಒಳಗೆ ಬರಬೇಕಾದ್ದರಿಂದ ಎರಡು-ಮೂರು ಮಿಲಿಗ್ರಾಂ ಬೇಕಾಗುತ್ತದೆ.

ನಮ್ಮಲ್ಲಿ ಎಷ್ಟೋ ಕಡೆ ಮಾರ್ಫಿನ್ ಬದಲು, ಅದೇ ಜಾತಿಯ ಇನ್ನೊಂದು ಔಷಧಿ ಫೆಂಟನಿಲ್ ಅನ್ನು ಮಾತ್ರ ಸೇರಿಸುತ್ತಾರೆ. ಅದು ಕೊಬ್ಬಿನಲ್ಲಿ ಬೇಗ ಕರಗುತ್ತದೆ, ಕೆಲವೇ ನಿಮಿಷದಲ್ಲಿ ಹಿಡಿಯುತ್ತದೆ. ಆಪರೇಷನ್ ನಡೆಯುವಾಗ ಚೆನ್ನಾಗಿ ಒದಗುತ್ತದೆ, ಸಂಜೆಯೊಳಗೆ ಇಳಿದೂ ಹೋಗುತ್ತದೆ. ಮಾರ್ಫಿನ್ನಿಗೆ ನೀರೇ ಪ್ರೀತಿ. ಬೆನ್ನುಹುರಿಯ ಸುತ್ತಲಿನ ದ್ರವದಲ್ಲೇ ಉಳಿದುಕೊಂಡು, ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಗಾಜೀಪುರ ಮತ್ತು ನೀಮಚ್‌ನಲ್ಲಿ ಸರ್ಕಾರದ್ದೇ ಅಫೀಮು ಕಾರ್ಖಾನೆಗಳಿರುವ ದೇಶದಲ್ಲಿ ಎಷ್ಟೋ ಆಸ್ಪತ್ರೆಗಳ ಕಪಾಟಿನಲ್ಲಿ ಮಾರ್ಫಿನ್ ಸಿಗುವುದಿಲ್ಲ ಅನ್ನುವುದು ವಿಚಿತ್ರ. 1985ರ ಮಾದಕ ವಸ್ತು ಕಾನೂನಿನ ಕಟ್ಟುನಿಟ್ಟೂ ಇದಕ್ಕೆ ಒಂದು ಕಾರಣ. 2014ರ ತಿದ್ದುಪಡಿ ದಾರಿಯನ್ನೇನೋ ಸರಾಗ ಮಾಡಿತು, ಆದರೆ ಅಭ್ಯಾಸ ಅಷ್ಟು ಬೇಗ ಬದಲಾಗಲಿಲ್ಲ.

ಆದರೆ ದ್ರವದಲ್ಲಿ ಉಳಿಯುವ ಮಾರ್ಫಿನ್ ಅಲ್ಲೇ ನಿಲ್ಲುವುದಿಲ್ಲ, ನಿಧಾನವಾಗಿ ಮೇಲಕ್ಕೂ ಹರಡುತ್ತದೆ. ತಲೆಯ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನು ಮುಟ್ಟಿದರೆ ಎಷ್ಟೋ ಗಂಟೆಗಳ ಮೇಲೂ ಉಸಿರು ನಿಧಾನವಾಗಬಹುದು. ಈಗಿನ ಕಡಿಮೆ ಡೋಸಿನಲ್ಲಿ, ಆರೋಗ್ಯವಂತ ತಾಯಂದಿರಲ್ಲಿ ಇದು ಬಹಳ ಅಪರೂಪ. ಆದರೂ ಆ ರಾತ್ರಿ ನರ್ಸ್ ಬಂದು ಉಸಿರು ಎಣಿಸಲೇಬೇಕು. ತೂಕ ಜಾಸ್ತಿ ಇರುವವರಿಗೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಇನ್ನಷ್ಟು ನಿಗಾ ಬೇಕು. ಕೂಗಿ ಅಲುಗಾಡಿಸಿದರೂ ಬಾಣಂತಿ ಸರಿಯಾಗಿ ಎಚ್ಚರಗೊಳ್ಳದಿದ್ದರೆ "ಪಾಪ, ಸುಸ್ತಾಗಿದ್ದಾಳೆ" ಎಂದು ಸುಮ್ಮನಿರಬೇಡಿ, ತಕ್ಷಣ ನರ್ಸನ್ನು ಕರೆಯಿರಿ. ಮಾರ್ಫಿನ್ ಪ್ರಭಾವ ಇಳಿಸುವ ನಲಾಕ್ಸೋನ್ ಕೈಗೆ ಸಿಗುವಂತಿರಬೇಕು.

ಹೆಚ್ಚು ಜನ ಅನುಭವಿಸುವುದು ತುರಿಕೆ. ಮೂಗು, ಕೆನ್ನೆ, ಎದೆ ಕೆರೆದುಕೊಳ್ಳುತ್ತಲೇ ಇರುತ್ತಾರೆ. ನೋಡಿದವರು ಅಲರ್ಜಿ ಅಂದುಕೊಳ್ಳುತ್ತಾರೆ, ಆದರೆ ಮೈಮೇಲೆ ದದ್ದು ಇರುವುದಿಲ್ಲ. ಇದು ನರಗಳಲ್ಲಿ ಹುಟ್ಟುವ ತುರಿಕೆ, ಹಾಗಾಗಿ ಮಾಮೂಲಿ ಅಲರ್ಜಿ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಬೇರೆ ಔಷಧಿಗಳಿವೆ, ಕೇಳಿ. ವಾಂತಿ ಬಂದ ಹಾಗಾಗುವುದೂ ಉಂಟು. ಎದೆಹಾಲಿಗೆ ಸೇರುವ ಮಾರ್ಫಿನ್ ಅತ್ಯಲ್ಪ, ಮಗುವಿಗೆ ಹಾಲು ಕುಡಿಸಲು ಅಡ್ಡಿಯಿಲ್ಲ.

ಮಾರ್ಫಿನ್ ಕೊಟ್ಟರೂ ಪ್ಯಾರಾಸಿಟಮಾಲ್ ಬೇಕು. ಕಿಡ್ನಿ ಅಥವಾ ಹೊಟ್ಟೆಯ ತೊಂದರೆ ಇಲ್ಲದಿದ್ದರೆ ಡೈಕ್ಲೋಫೆನಾಕ್ ಥರದ ನೋವಿನ ಔಷಧಿಯೂ ಬೇಕು. ಡಾಕ್ಟರ್ ಬರೆದುಕೊಟ್ಟಿದ್ದನ್ನು ನೋವು ಬರಲಿ ಅಂತ ಕಾಯದೆ, ಗಡಿಯಾರ ನೋಡಿಕೊಂಡು ಕೊಡಬೇಕು. ಮಾರ್ಫಿನ್ ಇಳಿಯುವ ಹೊತ್ತಿಗೆ ಇವು ಹಿಡಿದಿರುತ್ತವೆ.