ಮೊಟ್ಟೆ ಉಂಟು, ಮರಿ ಇಲ್ಲ

ಜುಲೈ-ಆಗಸ್ಟಿನ ಮಳೆಯ ಆಟಿ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ದೂರು. "ಅಣ್ಣಾ, ಜೇನು ಪೆಟ್ಟಿಗೆಯಲ್ಲಿ ಮೊಟ್ಟೆ ಉಂಟು, ಮರಿ ಇಲ್ಲ. ಎಂತ ಮಾಡುದು?" ನಮ್ಮ ಕಾಸರಗೋಡು ಕಡೆಯ ಪೆರ್ಲದಿಂದ ಬಂದರೂ ಅದೇ, ಮುಳ್ಳೇರಿಯದಿಂದ ಬಂದರೂ ಅದೇ. ತಿನ್ನಲು ಏನು ಕೊಡ್ತಾ ಇದ್ದೀರಿ ಅಂತ ಕೇಳುತ್ತೇನೆ. "ಸಕ್ಕರೆ ಪಾಕ, ಬೇಕಾದಷ್ಟು." ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಹೇಳಿದರೆ ಯಾರೂ ನಂಬುವುದಿಲ್ಲ.

ಪಾಕದಿಂದ ಮರಿ ಬೆಳೆಯುವುದಿಲ್ಲ.

ಪಾಕ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಮಳೆಯಲ್ಲಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು, ವಾರಗಟ್ಟಲೆ ಹೊರಗೆ ಹೋಗಲಾರದು. ಆಗ ಪಾಕ ಕೊಡದಿದ್ದರೆ ಕುಟುಂಬ ಉಪವಾಸ ಬೀಳುತ್ತದೆ, ಇಲ್ಲವೇ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಆದರೆ ಸಕ್ಕರೆ ದೊಡ್ಡ ನೊಣಗಳಿಗೆ. ಹಾರಲು, ಗೂಡು ಬೆಚ್ಚಗಿಡಲು ಅದು ಬೇಕು. ಮರಿಗೆ ಮೈ ಬರುವುದು ಪರಾಗದಿಂದ. ಅದೂ ನೇರವಾಗಿ ಅಲ್ಲ. ಎಳೆ ಕೆಲಸಗಾರ ನೊಣಗಳು ಪರಾಗ ತಿನ್ನುತ್ತವೆ. ಅದರಿಂದ ಅವುಗಳ ತಲೆಯೊಳಗಿನ ಗ್ರಂಥಿಗಳಲ್ಲಿ ಬಿಳಿ ರಸ ತಯಾರಾಗುತ್ತದೆ. ಮೊಟ್ಟೆಯಿಂದ ಬಂದ ಮರಿಗೆ ಮೊದಲ ದಿನಗಳಲ್ಲಿ ಆ ರಸವೇ ಊಟ. ಪರಾಗ ಇಲ್ಲ ಅಂದರೆ ರಸ ಇಲ್ಲ, ರಸ ಇಲ್ಲ ಅಂದರೆ ಮರಿ ಇಲ್ಲ. ನೀವು ಪಾಕ ಲೀಟರುಗಟ್ಟಲೆ ಹೊಯ್ದರೂ ಅಷ್ಟೆ. ಬಾಣಂತಿಗೆ ಬರೀ ಬೆಲ್ಲದ ನೀರು ಕೊಟ್ಟು, ಎದೆಹಾಲು ಯಾಕೆ ಬರ್ತಿಲ್ಲ ಅಂತ ಕೇಳಿದ ಹಾಗಾಯಿತು.

ಹಾಗಾದರೆ ಮೊಟ್ಟೆ ಎಲ್ಲಿಗೆ ಹೋಯಿತು? ತಿಂದವು. ಅವೇ ನೊಣಗಳು. ಸಾಕಲಾಗದ ಮೊಟ್ಟೆ, ಎಳೆ ಮರಿಗಳನ್ನು ಅವು ತಿಂದು, ಒಳ್ಳೆಯ ಅಂಶವನ್ನು ಗೂಡಿನೊಳಗೇ ಉಳಿಸಿಕೊಳ್ಳುತ್ತವೆ. ಮರುದಿನ ರಾಣಿ ಮತ್ತೆ ಇಡುತ್ತದೆ. ನೀವು ಯಾವಾಗ ನೋಡಿದರೂ ಮೊಟ್ಟೆ ಇರುತ್ತದೆ, ಮರಿ ಮಾತ್ರ ಕಾಣುವುದಿಲ್ಲ.

ಇಲ್ಲಿಗೆ ಜನ ಸುಮ್ಮನಾದರೆ ನನಗೂ ಚಿಂತೆ ಇಲ್ಲ. ಆದರೆ "ರಾಣಿ ಸರಿ ಇಲ್ಲ" ಅಂತ ತೀರ್ಮಾನಿಸಿ ಅದನ್ನು ಕೊಂದು ಆಮೇಲೆ ಫೋನ್ ಮಾಡುತ್ತಾರೆ! ಮಾರಾಯ್ರೇ, ಮೊಟ್ಟೆ ಇಟ್ಟ ಮೇಲೆ ಅದರ ಕೆಲಸ ಮುಗಿಯಿತು. ಸಾಕುವವರಿಗೆ ತಾಕತ್ತಿಲ್ಲದ್ದಕ್ಕೆ ಅದೇನು ಮಾಡೀತು? ಮಳೆಗಾಲದಲ್ಲಿ ಗಂಡು ನೊಣಗಳೂ ಕಡಿಮೆ, ಹೊಸ ರಾಣಿ ಹಾರಿ ಕೂಡಿ ಬರಲು ಬಿಸಿಲೂ ಕಡಿಮೆ. ಆಗ ರಾಣಿ ಕೊಂದರೆ ಆ ಕುಟುಂಬ ಹೆಚ್ಚಾಗಿ ಹೋದಂತೆಯೇ. ಸ್ವಲ್ಪ ದಿನದಲ್ಲಿ ಕೆಲಸಗಾರ ನೊಣಗಳೇ ಮೊಟ್ಟೆ ಇಡಲು ಶುರು ಮಾಡುತ್ತವೆ. ತುಡುವೆಯಲ್ಲಿ ಇದು ಬೇಗ ಆಗುತ್ತದೆ. ಮೇಣದ ಎರಿಯ ಒಂದೊಂದು ಕೋಶದಲ್ಲಿ ಎರಡು ಮೂರು ಮೊಟ್ಟೆ, ಕೆಲವು ಗೋಡೆಗೆ ಅಂಟಿಕೊಂಡಿರುತ್ತವೆ. ರಾಣಿ ಇಟ್ಟದ್ದಾದರೆ ಕೋಶಕ್ಕೊಂದೇ, ತಳದ ನಡುವಿಗೆ. ಈ ಒಂದು ವ್ಯತ್ಯಾಸ ನೋಡಲು ಕಲಿತರೆ ಅರ್ಧ ಫೋನ್ ಕಡಿಮೆಯಾದೀತು.

ನೋಡುವುದು ಹೇಗೆ ಅಂತಲೂ ಹೇಳಬೇಕು. ಮಳೆ ಬಿಟ್ಟ ನಡುಹಗಲು, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಮೊಟ್ಟೆ, ಮರಿ ಇರುವ ಸಂಸಾರ ಕೋಣೆಯ ನಡುವಿನಿಂದ ಎರಿ ಕಟ್ಟಿದ ಒಂದು ಫ್ರೇಮ್ ಮಾತ್ರ ತೆಗೆಯಿರಿ. ಬೆಳಕು ನಿಮ್ಮ ಭುಜದ ಮೇಲಿಂದ ಕೋಶದ ತಳಕ್ಕೆ ಬೀಳುವಂತೆ ಎರಿಯನ್ನು ಸ್ವಲ್ಪ ಓರೆ ಮಾಡಿ. ಎಳೆ ಮರಿ ಬಿಳಿ ರಸದ ಮೇಲೆ ಹೊಳೆಯುತ್ತಾ ಮಲಗಿದ್ದರೆ ಊಟ ಸಿಗುತ್ತಿದೆ. ತಳ ಒಣಗಿದ್ದು ಮರಿ ಸುಮ್ನೆ ಬಿದ್ದುಕೊಂಡಿದ್ದರೆ ಹಸಿವು. ಇಷ್ಟು ನೋಡಿ ಮುಚ್ಚಿ. ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ.

ಈ ಕೊನೆಯ ಮಾತು ಬದಿಯಡ್ಕದ ಕಡೆಯ ನಿವೃತ್ತ ಮಾಷ್ಟ್ರೊಬ್ಬರಿಗೆ ಇನ್ನೂ ಹಿಡಿಸಿಲ್ಲ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡುತ್ತಾರೆ, ಪುಸ್ತಕದಲ್ಲಿ ಬರೆದಿಡುತ್ತಾರೆ. ಮಳೆಯಿದ್ದರೆ ಅವರ ಮನೆಯ ಅಕ್ಕ ಕೊಡೆ ಹಿಡಿಯಬೇಕು. "ಮಾಷ್ಟ್ರೇ, ಒಳಗೆ 34-35 ಡಿಗ್ರಿ ಇದ್ದರೇ ಮರಿ ಬೆಳೆಯುದು. ನೀವು ದಿನಾ ತೆಗೆದರೆ ಥಂಡಿ ಹಿಡಿಯುದಿಲ್ವಾ?" ಅಂದೆ. "ನೋಡದೆ ಹೇಗೆ ಗೊತ್ತಾಗುದು?" ಅಂದರು. ಅಕ್ಕ ನನ್ನ ಮುಖ ನೋಡಿ ನಕ್ಕರು. ಅವರ ಪುಸ್ತಕ ಮಾತ್ರ ಚಿನ್ನ. ಯಾವ ವಾರ ಪರಾಗ ಬಂತು, ಯಾವ ವಾರ ಮರಿ ನಿಂತಿತು, ಎಲ್ಲ ಅದರಲ್ಲಿದೆ. ಬಾಗಿಲ ಹತ್ತಿರ ಕೂತು ಬರೆದಿದ್ದರೂ ಅಷ್ಟೇ ತಿಳಿಯುತ್ತಿತ್ತು. ಹಿಂಗಾಲಲ್ಲಿ ಪರಾಗದ ಉಂಡೆ ಹೊತ್ತ ನೊಣಗಳು ಒಳಗೆ ಹೋಗುತ್ತಿದ್ದರೆ ಒಳಗೆ ಮರಿ ಇದೆ ಅಂತಲೇ ಸಾಮಾನ್ಯ ಲೆಕ್ಕ.

ಎಲ್ಲವೂ ಹಸಿವೇ ಅಂತಲ್ಲ. ಫೋನಿನಲ್ಲಿ ಫೋಟೋ ನೋಡಿ ಖಚಿತವಾಗಿ ಹೇಳಲು ನನ್ನಿಂದ ಆಗುವುದಿಲ್ಲ. ನಾನು ನಿಜವಾಗಿ ಹೆದರುವುದು ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್‌ಗೆ. 1991-92ರ ಹೊತ್ತಿಗೆ ಅದು ದಕ್ಷಿಣದ ತುಡುವೆ ಕುಟುಂಬಗಳನ್ನು ಬಹುಪಾಲು ಗುಡಿಸಿಬಿಟ್ಟಿತು. ಆಗಿನ ಖಾಲಿ ಪೆಟ್ಟಿಗೆ ಕೆಲವರ ಅಟ್ಟದಲ್ಲಿ ಈಗಲೂ ಇದೆ. ಹಸಿವಿಗೂ ಅದಕ್ಕೂ ವ್ಯತ್ಯಾಸ ಸುಲಭ. ಹಸಿವಿನಲ್ಲಿ ಎಳೆ ಮರಿ ಮಾಯವಾಗುತ್ತದೆ. ಈ ರೋಗದಲ್ಲಿ ಬೆಳೆದ ಮರಿ ಕೋಶದಲ್ಲಿ ಉದ್ದಕ್ಕೆ ಮಲಗಿಯೇ ಸಾಯುತ್ತದೆ, ತಲೆ ಮೇಲಕ್ಕೆ ಎತ್ತಿಕೊಂಡು. ಚಿಮಟದಲ್ಲಿ ಎಳೆದರೆ ನೀರು ತುಂಬಿದ ಚೀಲವಾಗಿ ಇಡಿಯಾಗಿ ಬರುತ್ತದೆ. ಹಾಗೆ ಕಂಡರೆ ಆ ಫ್ರೇಮ್ ಇನ್ನೊಂದು ಪೆಟ್ಟಿಗೆಗೆ ಹಾಕಬೇಡಿ, ಅದೇ ಕೈ, ಅದೇ ಚಾಕು ಮುಂದಿನದಕ್ಕೆ ತಾಗಿಸಬೇಡಿ. ಮೆಡಿಕಲ್‌ನಿಂದ ತಂದ ಆಂಟಿಬಯೋಟಿಕ್ ಪಾಕಕ್ಕೆ ಬೆರೆಸುವವರಿದ್ದಾರೆ. ವೈರಸ್‌ಗೆ ಅದು ನಾಟುವುದಿಲ್ಲ, ಜೇನಿಗೆ ಮಾತ್ರ ಸೇರುತ್ತದೆ.

"ತೋಟಕ್ಕೆ ಮದ್ದು ಬಿಟ್ಟದ್ದರಿಂದ ಆಯ್ತೋ?" ಅಂತಲೂ ಕೇಳುತ್ತಾರೆ. ವಿಷವಾದರೆ ಸಾಮಾನ್ಯವಾಗಿ ಮೊದಲು ದೊಡ್ಡ ನೊಣಗಳು ಪೆಟ್ಟಿಗೆಯ ಮುಂದೆ ಸತ್ತು ಬಿದ್ದಿರುತ್ತವೆ. ಇನ್ನು ಮುಚ್ಚಿದ ಕೋಶದ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು ಕಂಡು ಗಾಬರಿಯಾಗುವವರಿಗೆ: ಮುಚ್ಚಳ ಉಬ್ಬಿದ್ದು ನಟ್ಟನಡುವೆ ಒಂದೇ ತೂತಿದ್ದರೆ ಅದು ಗಂಡು ನೊಣದ ಕೋಶ. ತುಡುವೆಯಲ್ಲಿ ಅದು ಇರುವುದೇ ಹಾಗೆ.

ಹಸಿವು ಅಂತ ಗೊತ್ತಾದ ಮೇಲೆ ಮಾಡುವುದೇನು? ನೊಣ ಮುಚ್ಚಿಕೊಳ್ಳದ ಖಾಲಿ ಎರಿಗಳನ್ನು ಹೊರಗೆ ತೆಗೆದು ಕುಟುಂಬವನ್ನು ಒತ್ತಾಗಿಸಿ. ಬೆಚ್ಚಗೂ ಇರುತ್ತದೆ, ಎರಿ ತಿನ್ನುವ ಮೇಣದ ಹುಳಕ್ಕೂ ಜಾಗ ಸಿಗುವುದಿಲ್ಲ. ಸೋಯಾ ಹಿಟ್ಟು, ಸಕ್ಕರೆ ಪುಡಿ ಕಲಸಿ ಉಂಡೆ ಇಡಬಹುದು. ಕೆಲವು ಕುಟುಂಬ ಮುಟ್ಟುತ್ತವೆ, ಕೆಲವು ತಿರುಗಿಯೂ ನೋಡುವುದಿಲ್ಲ. ಆ ಉಂಡೆಯನ್ನು ನಂಬಿ ಕೂರಬೇಡಿ.

ನಿಜವಾದ ಪರಾಗ ನಿಮ್ಮ ತೋಟದಲ್ಲೇ ಇದೆ. ತೆಂಗಿನ ಹೂ ವರ್ಷವಿಡೀ ಸಿಗುತ್ತದೆ. ಅದರ ಜೊತೆ ಮಳೆಗಾಲಕ್ಕೆ ಮುಟ್ಟಿದರೆ ಮುನಿ. ಕಾಲಿಗೆ ಮುಳ್ಳು ತಾಗುತ್ತದೆ ಅಂತ ಅದನ್ನು ಮೆಷಿನ್ ತಂದು ಬುಡಸಮೇತ ಕೊಚ್ಚಿಸಿ, ಆ ಸಂಜೆಯೇ ನನಗೆ ಫೋನ್ ಮಾಡಿದವರಿದ್ದಾರೆ. ಅಡಿಕೆ ಹೆಕ್ಕುವ ದಾರಿ, ಮರದ ಬುಡ ಚೊಕ್ಕ ಮಾಡಿ. ಬೇಲಿಯ ಬದಿ, ತೋಡಿನ ದಂಡೆ ಹಾಗೇ ಬಿಡಿ. ತೋಟ ಪೂರ್ತಿ ಕೊಚ್ಚಿಸಲೇಬೇಕಿದ್ದರೆ ಅರ್ಧ ಈಗ, ಉಳಿದರ್ಧಕ್ಕೆ ಈಗ ಕೊಚ್ಚಿದ್ದು ಮತ್ತೆ ಹೂ ಬಿಟ್ಟ ಮೇಲೆ ಮೆಷಿನಿನವರಿಗೆ ಹೇಳಿ. ಪರಾಗ ಬರಲು ಶುರುವಾಗಿ ಮೂರು ವಾರ ಕಳೆದು ಫೋನ್ ಮಾಡಿ. ಮೊಟ್ಟೆ ನೊಣವಾಗಿ ಹೊರಬರಲು ಹೆಚ್ಚುಕಡಿಮೆ ಅಷ್ಟು ಸಮಯ ಬೇಕೇ ಬೇಕು.