ಪದದ ಜೊತೆಗೇ ಬರುವ ವ್ಯಾಕರಣ: ಇಂಗ್ಲಿಷ್ ಪದವಿನ್ಯಾಸಗಳ ಹುಡುಕಾಟದ ಹಿನ್ನೆಲೆ

‘ಡಿಸ್ಕಸ್’ ಎಂಬ ಇಂಗ್ಲಿಷ್ ಕ್ರಿಯಾಪದದ ಬೆನ್ನಿಗೇ ‘ಅಬೌಟ್’ ಹಚ್ಚುವುದು ಕನ್ನಡಿಗರ ಇಂಗ್ಲಿಷಿನಲ್ಲಿ ಪದೇ ಪದೇ ಕಾಣುವ ಬಳಕೆ. ‘ಅದರ ಬಗ್ಗೆ ಚರ್ಚಿಸೋಣ’ ಎಂದು ಪಳಗಿದ ನಾಲಿಗೆಗೆ ಅದು ಸಹಜವೂ ಹೌದು. ‘ಟಾಕ್’ಗೆ ‘ಅಬೌಟ್’ ಬೇಕು, ‘ಡಿಸ್ಕಸ್’ಗೆ ಏಕೆ ಬೇಡ ಎಂದು ವಿದ್ಯಾರ್ಥಿ ಕೇಳಿದರೆ, ಕರ್ತೃ, ಕರ್ಮ, ಕ್ರಿಯೆಗಳ ಸಾಮಾನ್ಯ ಸೂತ್ರಗಳಲ್ಲಿ ಉತ್ತರ ಸಿಗುವುದಿಲ್ಲ. ಪ್ರತಿ ಪದಕ್ಕೂ ಅದರದೇ ವಿನ್ಯಾಸವಿದೆ, ಎಂದರೆ ಅದರ ಜೊತೆಗೆ ಯಾವ ಬಗೆಯ ಪದಗಳು ಹೇಗೆ ಬರಬೇಕೆಂಬ ಕಟ್ಟು. ಅದನ್ನು ಅರಿಯಲು ಜನ ನಿಜವಾಗಿ ಆಡಿದ, ಬರೆದ ವಾಕ್ಯಗಳನ್ನೇ ನೋಡಬೇಕು. ಸರಳವೆನಿಸುವ ಈ ಮಾತು ನೆಲೆಯೂರಲು ಅರ್ಧ ಶತಮಾನವೇ ಹಿಡಿಯಿತು.

ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವವರಿಗೆ ಇದರ ಅಗತ್ಯ ಬೇಗ ತಟ್ಟಿತು. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು 1942ರಲ್ಲಿ ಟೋಕಿಯೊದಲ್ಲಿ ಹೊರತಂದ ನಿಘಂಟು, ಕ್ರಿಯಾಪದಗಳನ್ನು 25 ವಿನ್ಯಾಸಗಳಲ್ಲಿ ವಿಂಗಡಿಸಿತ್ತು. ಆದರೆ ಯಾವ ವಿನ್ಯಾಸ ಎಷ್ಟು ಬಳಕೆಯಲ್ಲಿದೆ ಎಂದು ಎಣಿಸಿ ಹೇಳುವ ಸಾಧನ ಆಗ ಇರಲಿಲ್ಲ.

1959ರಲ್ಲಿ ಬ್ರಿಟಿಷ್ ಭಾಷಾವಿಜ್ಞಾನಿ ರಾಂಡಾಲ್ಫ್ ಕ್ವರ್ಕ್ ಇಂಗ್ಲಿಷ್ ಬಳಕೆಯ ಸಮೀಕ್ಷೆಯನ್ನು ಆರಂಭಿಸಿದರು. ತಲಾ 5,000 ಪದಗಳ 200 ಪಠ್ಯಗಳು, ಅವುಗಳಲ್ಲಿ ಅರ್ಧ ಬರಹ, ಅರ್ಧ ಮಾತು. ಎಲ್ಲವೂ ಕಾಗದದ ಚೀಟಿಗಳಲ್ಲಿ. ಒಂದು ರಚನೆಯನ್ನು ನೋಡಬೇಕೆಂದರೆ ಕಪಾಟಿನ ಖಾನೆ ಎಳೆದು ಚೀಟಿಗಳನ್ನು ಒಂದೊಂದಾಗಿ ಮಗುಚಬೇಕಿತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ನೆಲ್ಸನ್ ಫ್ರಾನ್ಸಿಸ್ ಮತ್ತು ಹೆನ್ರಿ ಕುಚೆರಾ, 1961ರಲ್ಲಿ ಅಚ್ಚಾದ ಬರಹಗಳಿಂದ ಸುಮಾರು ಹತ್ತು ಲಕ್ಷ ಪದಗಳನ್ನು ಆಯ್ದು ಕಂಪ್ಯೂಟರಿಗೆ ಏರಿಸಿದರು. ವಾಕ್ಯಗಳನ್ನು ಎಷ್ಟು ಕೂಡಿಹಾಕಿದರೂ ಭಾಷೆಯ ಪೂರ್ಣ ಚಿತ್ರ ದಕ್ಕದು ಎಂಬ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಅವರ ಆಕ್ಷೇಪವೇ ಪ್ರಬಲವಾಗಿದ್ದ ಕಾಲವದು. ಆಕ್ಷೇಪದಲ್ಲಿ ಹುರುಳಿತ್ತು; ಆದರೆ ಸ್ವಂತ ಅಂತಃಸ್ಫುರಣೆಯನ್ನೇ ನೆಚ್ಚಿದವರಿಗೆ ಕಾಣದೇ ಹೋದದ್ದೂ ಬಹಳವಿತ್ತು.

ಅದು ಕಂಡದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ 1980ರಲ್ಲಿ ಆರಂಭವಾದ ‘ಕೊಬಿಲ್ಡ್’ ಎಂಬ ನಿಘಂಟು ಯೋಜನೆಯಲ್ಲಿ, ಹುಡುಕಿದ ಪದ ಪ್ರತಿ ಸಾಲಿನ ನಟ್ಟನಡುವೆ ಬರುವಂತೆ ಉದಾಹರಣೆಗಳನ್ನು ಒಂದರ ಕೆಳಗೊಂದು ಜೋಡಿಸುತ್ತಿದ್ದರು. ಬಲಬದಿಯ ಪದಗಳನ್ನು ಅಕಾರಾದಿಯಲ್ಲಿ ಹೊಂದಿಸಿದೊಡನೆ, ಚದುರಿದ್ದ ಸಾಲುಗಳು ತಾವಾಗಿಯೇ ಗುಂಪುಗೂಡುತ್ತವೆ. ‘ಷಿ ಟಾಕ್ಡ್ ಹಿಮ್ ಇಂಟು ಸ್ಟೇಯಿಂಗ್’ ಎಂಬ ವಾಕ್ಯವನ್ನೇ ನೋಡಿ: ಮಾತಿನಿಂದ ಒಲಿಸಿ ಅವನನ್ನು ಉಳಿಸಿಕೊಂಡಳು ಎಂದರ್ಥ. ‘ಟಾಕ್’ ಇರುವ ಜಾಗದಲ್ಲಿ ಬರುವ ಇತರ ಕ್ರಿಯಾಪದಗಳು ‘ಟ್ರಿಕ್’, ‘ಬುಲ್ಲಿ’, ‘ಫೋರ್ಸ್’ ಇಂಥವು. ಒಂದು ವಂಚನೆ, ಒಂದು ಬೆದರಿಕೆ, ಒಂದು ಬಲವಂತ. ಎಲ್ಲದರಲ್ಲೂ ಒಬ್ಬರು ಇನ್ನೊಬ್ಬರಿಂದ ಏನನ್ನೋ ಮಾಡಿಸುತ್ತಾರೆ. ಒಂದೇ ವಿನ್ಯಾಸದ ಪದಗಳು ಅರ್ಥದಲ್ಲೂ ಬಂಧುಗಳು ಎಂಬ ಈ ತಿಳಿವನ್ನು ಗಿಲ್ ಫ್ರಾನ್ಸಿಸ್, ಸೂಸನ್ ಹನ್ಸ್‌ಟನ್ ಮತ್ತು ಎಲಿಜಬೆತ್ ಮ್ಯಾನಿಂಗ್ ಕೊಬಿಲ್ಡ್‌ನ ವ್ಯಾಕರಣ ವಿನ್ಯಾಸಗಳ ಪುಸ್ತಕಮಾಲೆಯ 1996ರ ಕ್ರಿಯಾಪದ ಸಂಪುಟದಲ್ಲಿ ಪಟ್ಟಿಪಟ್ಟಿಯಾಗಿ ತೋರಿಸಿದರು. ವ್ಯಾಕರಣಕ್ಕೂ ನಿಘಂಟಿಗೂ ನಡುವೆ ನಾವು ಎಳೆದುಕೊಂಡಿದ್ದ ಗೆರೆ ಅಲ್ಲಿ ಮಸುಕಾಗುತ್ತದೆ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ಅತ್ಯಂತ ಬೆಲೆಯುಳ್ಳ ಫಲ ಇದೇ.

ನಮ್ಮ ನೆರೆಯ ಕೊಲ್ಲಾಪುರಕ್ಕೂ ಇದರಲ್ಲಿ ಪಾಲಿದೆ. ಶಿವಾಜಿ ವಿಶ್ವವಿದ್ಯಾಲಯದ ಎಸ್.ವಿ. ಶಾಸ್ತ್ರಿ, ಬ್ರೌನ್ ಸಂಗ್ರಹದ ಮಾದರಿಯಲ್ಲೇ 1978ರ ಭಾರತೀಯ ಇಂಗ್ಲಿಷ್ ಬರಹಗಳಿಂದ ಹತ್ತು ಲಕ್ಷ ಪದಗಳ ಸಂಗ್ರಹವನ್ನು ಕಟ್ಟಿದರು. ಹೀಗಾಗಿ ಭಾರತದ ಬಳಕೆಯನ್ನು ಅಮೆರಿಕದ ಬಳಕೆಯೊಂದಿಗೆ ಸಾಲಿಗೆ ಸಾಲು ಇಟ್ಟು ನೋಡುವುದು ಸಾಧ್ಯವಾಯಿತು. ಆಗ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ: ಒಂದು ನಾಡಿನ ಓದುಬಲ್ಲವರು ಬಿಡದೆ ಬಳಸುವ ವಿನ್ಯಾಸ ತಪ್ಪೋ, ಅಥವಾ ಆ ನಾಡಿನ ರೂಢಿಯೋ? ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ‘ಡಿಸ್ಕಸ್ ಅಬೌಟ್’ ಕಂಡರೆ ನಾನು ಇಂದಿಗೂ ‘ಅಬೌಟ್’ ಅನ್ನು ಹೊಡೆದುಹಾಕುತ್ತೇನೆ. ಆದರೆ ಅದಕ್ಕೆ ಮೊದಲು ಇಪ್ಪತ್ತು ಸಾಲುಗಳನ್ನು ತರಗತಿಯಲ್ಲಿ ಒಂದರ ಕೆಳಗೊಂದು ಬರೆದು, ‘ಡಿಸ್ಕಸ್’ನ ಬಲಕ್ಕೆ ಏನೇನು ಬಂದಿದೆ ಎಂದು ಮಕ್ಕಳಿಂದಲೇ ಹೇಳಿಸುತ್ತೇನೆ.