ನಳಿಗೆಯೊಳಗೆ ಗುಂಡಿನ ಮೇಲೆ ಬೀಳುವ ಭಾರ

ರಾಯಚೂರು ಕೋಟೆಯ ಬಾಲಾ ಹಿಸ್ಸಾರ್ ಬೆಟ್ಟ ಹತ್ತಿದವರು ಅಲ್ಲಿರುವ 20 ಅಡಿಗೂ ಉದ್ದದ ಫಿರಂಗಿಯನ್ನು ಬೆರಗಿನಿಂದ ನೋಡುತ್ತಾರೆ. ಹಾರುವಾಗ ಅದರ ಗುಂಡಿಗೆ ಏನಾಗುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯ ಅಂದೂ ಇರಲಿಲ್ಲವೆನ್ನಿ. 1520ರ ರಾಯಚೂರು ಕದನದ ಕಾಲದ ಗಟ್ಟಿ ಗುಂಡಿನೊಳಗೆ ಕೆಡುವಂಥದ್ದೇನೂ ಇರಲಿಲ್ಲ. ಭಯವಿದ್ದದ್ದು ಫಿರಂಗಿಯೇ ಸಿಡಿದೀತೆಂದು.

ಆದ್ದರಿಂದ ಅಳತೆಯೂ ಮೊದಲು ಗುಂಡಿನ ಒಳಹೊಕ್ಕು ನೋಡಲಿಲ್ಲ. ಬೆಂಜಮಿನ್ ರಾಬಿನ್ಸ್ 1742ರಲ್ಲಿ, ತೂಗುಹಾಕಿದ ಲೋಲಕಕ್ಕೆ ಗುಂಡು ಹೊಡೆದು, ಲೋಲಕ ಎಷ್ಟು ದೂರ ಓಲಾಡಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಕ್ರಮವನ್ನು ಪ್ರಕಟಿಸಿದ. (ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದ ಆತ 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.) 1860ರ ದಶಕದಲ್ಲಿ ಆಂಡ್ರ್ಯೂ ನೋಬಲ್, ತಾಮ್ರದ ತುಂಡೊಂದು ಎಷ್ಟು ಕುಗ್ಗಿತೆಂದು ನೋಡಿ ನಳಿಗೆಯೊಳಗಿನ ಒತ್ತಡವನ್ನು ತಿಳಿಯುವ ಉಪಕರಣ ರೂಪಿಸಿದ. ಆದರೆ ತಾಮ್ರ ಹೇಳುವುದು ಗರಿಷ್ಠ ಒತ್ತಡದ ಒಂದೇ ಅಂಕಿಯನ್ನು. ಅದೂ ನಿಜಕ್ಕಿಂತ ತುಸು ಕಡಿಮೆಯಾಗಿ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು, ಗುರಿ ಹತ್ತಿರವಾದೊಡನೆ ತಾನೇ ಸಿಡಿಯಲೆಂದು, ಶೆಲ್‌ನ (ಸ್ಫೋಟಕ ತುಂಬಿದ ಗುಂಡಿನ) ಮೂತಿಯೊಳಗೆ ಗಾಜಿನ ರೇಡಿಯೊ ವಾಲ್ವ್‌ಗಳನ್ನು ಕೂರಿಸಲು ಹೊರಟಾಗ ಪ್ರಶ್ನೆಯೇ ಬದಲಾಯಿತು. ವಾಲ್ವ್‌ಗಳನ್ನು ನೇರ ಆಕಾಶಕ್ಕೆ ಹಾರಿಸಿ, ಬಿದ್ದಲ್ಲಿಂದ ಅಗೆದು ತೆಗೆದು, ಒಡೆದಿವೆಯೇ ಎಂದು ನೋಡುತ್ತಿದ್ದರು. ನಳಿಗೆಯೊಳಗೆ ಶೆಲ್ ಮೇಲೆ ಬೀಳುವ ಭಾರ ಸಾಮಾನ್ಯದ್ದಲ್ಲ. ಸುಮಾರು 43 ಕಿಲೋ ತೂಕದ 155 ಮಿ.ಮೀ. ಶೆಲ್ ಗುರುತ್ವದ 15,000 ಪಟ್ಟು ವೇಗೋತ್ಕರ್ಷಕ್ಕೆ ಸಿಕ್ಕಿದರೆ, ಅದರ ತಳ ಸುಮಾರು 645 ಟನ್ ಹೊರಬೇಕು. ತೋರಣಗಲ್ಲಿನ ಹಳಿಗಳ ಮೇಲೆ ಅದಿರು ತುಂಬಿಕೊಂಡು ಹೋಗುವ ಏಳು ವ್ಯಾಗನ್‌ಗಳು ಒಂದರ ಮೇಲೊಂದು ಕೂತಂತೆ. ಇಷ್ಟೂ ನಡೆಯುವುದು ಸೆಕೆಂಡಿನ ನೂರನೇ ಒಂದೆರಡು ಭಾಗದಲ್ಲಿ.

ಲೋಹದ ಹಿಗ್ಗು-ಕುಗ್ಗನ್ನು ಅಳೆಯುವ ಸ್ಟ್ರೇನ್ ಗೇಜ್ 1938ರಲ್ಲೇ ಬಂದಿತ್ತು. ಆದರೆ ಹಾರಿಹೋಗುವ ಶೆಲ್‌ಗೆ ತಂತಿ ಕಟ್ಟುವುದು ಹೇಗೆ? ಒಂದು ದಾರಿ, ಅಳತೆಯನ್ನು ರೇಡಿಯೊ ಮೂಲಕ ಕಳಿಸುವುದು. ಇನ್ನೊಂದು, ದಾಖಲಿಸುವ ಸರ್ಕ್ಯೂಟನ್ನು ಗಟ್ಟಿ ರಾಳದಲ್ಲಿ ಹುದುಗಿಸಿ ಶೆಲ್‌ನೊಳಗೇ ಇಟ್ಟು, ಆಮೇಲೆ ಹುಡುಕಿ ತರುವುದು. 1895ರಿಂದ ಫಿರಂಗಿ ಪರೀಕ್ಷೆ ನಡೆಯುತ್ತಿರುವ ಒಡಿಶಾದ ಚಾಂದೀಪುರದಲ್ಲಿ ಇಳಿತದ ವೇಳೆ ಸಮುದ್ರ ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿಯುವುದರಿಂದ, ಬಿದ್ದ ಶೆಲ್‌ಗಳನ್ನು ಹುಡುಕುವುದು ಸುಲಭ.

ಒಳಗೆ ಕೂತ ಉಪಕರಣಗಳು ತಾಮ್ರ ಹೇಳದ್ದನ್ನೂ ಹೇಳಿದವು. ಶೆಲ್ ಹಿಂದಿನಿಂದ ಒತ್ತಿಸಿಕೊಳ್ಳುವುದಷ್ಟೇ ಅಲ್ಲ, ನಳಿಗೆಯ ಗೋಡೆಗೆ ಅಕ್ಕಪಕ್ಕ ಬಡಿಯುತ್ತಲೂ ಸಾಗುತ್ತದೆ; ಬಾಯಿಂದ ಹೊರಬಿದ್ದೊಡನೆ ಒತ್ತಡ ಥಟ್ಟನೆ ಇಳಿದು, ಕುಗ್ಗಿದ್ದ ಉಕ್ಕು ಸ್ಪ್ರಿಂಗಿನಂತೆ ಹಿಗ್ಗುತ್ತದೆ. ಅಷ್ಟೆಲ್ಲ ಭಾರ ತಡೆದುಕೊಂಡ ಬೆಸುಗೆಗಳು ಕೆಲವೊಮ್ಮೆ ಬಿಟ್ಟುಕೊಳ್ಳುವುದು ಈ ಕ್ಷಣದಲ್ಲೇ.